ಯಾವ ಪ್ಲಗ್ಗಿಗೆ ಯಾವ ಎಂಸಿಬಿ?

ಪೇಟೆಯ ಯಾವ ಅಂಗಡಿಗಾದರೂ ಹೋಗಿ ಕೇಳಿ: ‘ಸ್ವಾಮೀ, ಈ ಪ್ಲಗ್ಗಿನ ಎಂಸಿಬಿ ಯಾವುದು?’ ಬರುವ ಉತ್ತರ ಒಂದೇ: ‘ವೈರಿಂಗ್‌ನವನನ್ನ ಕೇಳಬೇಕು!’ ಆ ಪುಣ್ಯಾತ್ಮ ಊರು ಬಿಟ್ಟು ಎಷ್ಟು ವರ್ಷವಾಯಿತೋ! ಇಲಿ ಕಡಿದ ವೈರು ಹೊಗೆಯಾಡುವಾಗ ಸಾಲು ಎಂಸಿಬಿಗಳ ಮುಂದೆ ತಡಕಾಡುವುದು ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ಪತ್ತೆ ಮಾಡೋದು ಕಷ್ಟವೇನಲ್ಲ. ಕಂಪ್ಯೂಟರು, ಫ್ರಿಜ್ಜು ಮೊದಲೇ ಆಫ್ ಮಾಡಿ. ಪ್ಲಗ್ಗಿಗೆ ಟೇಬಲ್ ಲ್ಯಾಂಪ್ ಹಾಕಿ ಉರಿಸಿ. ಒಬ್ಬರು ದೀಪ ನೋಡುತ್ತಿರಲಿ, ಇನ್ನೊಬ್ಬರು ಎಂಸಿಬಿಗಳನ್ನು ಒಂದೊಂದಾಗಿ ಇಳಿಸಲಿ. ಯಾವುದಕ್ಕೆ ದೀಪ ಆರಿತೋ ಅದೇ. ಅಲ್ಲೇ ಚೀಟಿ ಅಂಟಿಸಿ.

ಇನ್‌ವರ್ಟರ್ ಇದ್ದರೆ ಎಚ್ಚರ! ಮೇನ್ ಇಳಿಸಿದರೂ ಅದರ ಲೈನಿನಲ್ಲಿ 230 ವೋಲ್ಟ್ ಇದ್ದೇ ಇರುತ್ತೆ. ಅದಕ್ಕೂ ಚೀಟಿ ಬೇಕು. ಎಂಸಿಬಿ ಕಾಯುವುದು ವೈರನ್ನು. ಷಾಕ್ ಹೊಡೆದರೆ ಮನುಷ್ಯನನ್ನು ಕಾಯಲು 30 ಮಿಲಿಆಂಪಿಯರ್ ಸೋರಿಕೆಗೇ ಬೀಳುವ ಆರ್‌ಸಿಸಿಬಿ ಬೇರೆಯೇ ಬೇಕು. ವೈರಿಗೆ ಕೈ ಹಾಕೋದು ಲೈಸೆನ್ಸ್ ಇದ್ದವರ ಕೆಲಸ.

ಮನೆಗಳಲ್ಲೂ ಇದೇ ಪಾಡು. ಬೆಳಿಗ್ಗೆ ಬಸ್ಸು ಹಿಡಿದು ಹೋಗುವ ಯಜಮಾನನಿಗೆ ಮಾತ್ರ ಗೊತ್ತಿದ್ದರೆ ಪ್ರಯೋಜನವೇನು? ಮನೆಯಲ್ಲಿ ಉಳಿಯುವ ಅಜ್ಜಿಗೂ ಓದಲು ಬರುವಂತೆ ದಪ್ಪ ಕನ್ನಡ ಅಕ್ಷರದಲ್ಲಿ ಬರೆಯಿರಿ.

ಗಲ್ಲಾಪೆಟ್ಟಿಗೆಯ ಬೀಗದ ಕೈ ಕತ್ತಲಲ್ಲೂ ಸಿಗುತ್ತದೆ. ಜೀವ ಉಳಿಸುವ ಎಂಸಿಬಿ ಹಗಲಲ್ಲೂ ಸಿಗದಿದ್ದರೆ ಹೇಗೆ?