ಶೇಕಡಾ 99.9 ಎಂಬ ಮಾತಿನ ತೂಕ

ಅಕ್ಷಯ ತೃತೀಯೆ ನಮಗೆ ದಾನದ ಪರ್ವ. ಆದಿನಾಥ ಸ್ವಾಮಿಗೆ ಶ್ರೇಯಾಂಸ ರಾಜನು ಕಬ್ಬಿನ ರಸದ ಆಹಾರ ನೀಡಿದ ದಿನ. ಬೆಳ್ಳಿ-ಬಂಗಾರದ ಅಂಗಡಿಗಳಿಗೆ ಅದು ದೊಡ್ಡ ವ್ಯಾಪಾರದ ದಿನವೂ ಹೌದು. ಮುರ್ಮುಗಾಂವ್ ಬಂದರಿನ ಪಕ್ಕದ ವಾಸ್ಕೋದಲ್ಲಿ ಬೆಳ್ಳಿ ಅಂಗಡಿ ಇಟ್ಟಿರುವ ಪರಿಚಯದ ಕುಟುಂಬವೊಂದರ ವೆಬ್‌ಸೈಟು ಅದೇ ದಿನ ಬೆಳಿಗ್ಗೆ 40 ನಿಮಿಷ ತೆರೆಯಲಿಲ್ಲ. ಪೂಜಾ ಸಾಮಾನು ಕೊಳ್ಳಬೇಕೆಂದಿದ್ದ ಗಿರಾಕಿಗಳು ಬೇರೆ ಕಡೆ ಹೋದರು. ವೆಬ್‌ಸೈಟನ್ನು ತನ್ನ ಕಂಪ್ಯೂಟರಿನಲ್ಲಿಟ್ಟು ಹಗಲಿರುಳು ನಡೆಸಿಕೊಡುವ ಹೋಸ್ಟಿಂಗ್ ಕಂಪನಿಗೆ ದೂರು ಕೊಟ್ಟರೆ ಬಂದ ಉತ್ತರ ಇಷ್ಟೇ: "ನಾವು ಒಪ್ಪಿದ್ದು ತಿಂಗಳಿಗೆ ಶೇಕಡಾ 99.9. ಕರಾರು ಮುರಿದಿಲ್ಲ."

ಲೆಕ್ಕ ಸರಿಯಾಗಿಯೇ ಇತ್ತು. 30 ದಿನದ ತಿಂಗಳಿಗೆ 43,200 ನಿಮಿಷ. ಅದರಲ್ಲಿ ಸಾವಿರಕ್ಕೆ ಒಂದು ಪಾಲು ಎಂದರೆ ಸುಮಾರು 43 ನಿಮಿಷ. ಅಷ್ಟು ಹೊತ್ತು ನಿಲ್ಲಲು ಕಂಪನಿಗೆ ಅವಕಾಶವಿದೆ. ಆ 43 ನಿಮಿಷ ನಡುರಾತ್ರಿ ಬರಬೇಕೋ ಹಬ್ಬದ ಬೆಳಿಗ್ಗೆ ಬರಬೇಕೋ ಎಂದು ಕರಾರಿನಲ್ಲಿ ಬರೆದಿರಲಿಲ್ಲ. ಬರೇ 99 ಎಂದಿದ್ದರೆ ತಿಂಗಳಿಗೆ 7 ಗಂಟೆ 12 ನಿಮಿಷ ನಿಲ್ಲಬಹುದಿತ್ತು!

ಮನೆಯ ಹುಡುಗನಿಗೆ ಸಿಟ್ಟು ಬಂತು. "ಯಂತ್ರ ಯಾವಾಗ ಕೆಡುತ್ತದೆ ಎಂದು ಯಾರಿಗೆ ಗೊತ್ತು ಕಾಕಾ? ಇಂಥ ಗ್ಯಾರಂಟಿ ಕೊಡುವುದೇ ಸುಳ್ಳು" ಎಂದ. ಹಡಗು ಏಜೆಂಟರ ಕಚೇರಿಯಲ್ಲಿ ಬಹಳ ವರ್ಷ ಗುಮಾಸ್ತಿಕೆ ಮಾಡಿದ್ದ ಅವನ ಕಾಕಾ ನಕ್ಕು, "ಹಾಗಂದರೆ ಈ ಬಂದರಿನಲ್ಲಿ ಒಂದು ಹಡಗೂ ತುಂಬುತ್ತಿರಲಿಲ್ಲಪ್ಪಾ" ಎಂದರು.

ಕಾಕಾ ಹೇಳಿದ ಮಾತು ನಮ್ಮೆಲ್ಲರಿಗೂ ಉಪಯುಕ್ತ. ಮುರ್ಮುಗಾಂವ್ ಅದಿರಿನ ಬಂದರೆಂದೇ ಹೆಸರಾದದ್ದು. ಗೋವೆಯ ಅದಿರಿನ ಜೊತೆಗೆ ನಮ್ಮ ಹೊಸಪೇಟೆ-ಬಳ್ಳಾರಿಯ ಅದಿರೂ ಇಲ್ಲಿಂದ ಹೊರದೇಶಕ್ಕೆ ಹೋಗಿದೆ. 1979ರಲ್ಲಿ 9ನೇ ಬರ್ತಿನಲ್ಲಿ ಯಂತ್ರದಿಂದ ಅದಿರು ತುಂಬುವ ಸ್ಥಾವರ ಶುರುವಾಯಿತು. ಮಳೆ ಬರುವುದು, ಯಂತ್ರ ಕೆಡುವುದು, ಕರೆಂಟು ಹೋಗುವುದು ಇದ್ದದ್ದೇ. ಆದರೂ ಸರಕಿನವರು ಹಡಗಿನವರಿಗೆ ದಿನಕ್ಕೆ ಇಷ್ಟು ಟನ್ ತುಂಬುತ್ತೇವೆ ಎಂದು ಬರೆದುಕೊಡುತ್ತಾರೆ. ಹೆಚ್ಚು ದಿನ ಹಿಡಿದರೆ ದಿನದ ಲೆಕ್ಕದಲ್ಲಿ ಡೆಮರೇಜ್ ಕಟ್ಟಬೇಕು. ಬೇಗ ಮುಗಿಸಿದರೆ ಹಡಗಿನವರೇ ಇವರಿಗೆ ಹಣ ಕೊಡುತ್ತಾರೆ. ಅದು ಸಾಮಾನ್ಯವಾಗಿ ಡೆಮರೇಜಿನ ಅರ್ಧ ದರ. ಮಳೆಯಿಂದ ನಿಂತ ಹೊತ್ತು ಯಾರ ಲೆಕ್ಕಕ್ಕೆ ಎಂಬುದನ್ನೂ ಮೊದಲೇ ಬರೆದಿರುತ್ತಾರೆ.

ಅಂದರೆ ಗ್ಯಾರಂಟಿ ಎಂಬುದು ಭವಿಷ್ಯ ನುಡಿಯಲ್ಲ. ಕೆಡುವುದಿಲ್ಲ ಎಂದು ಅದು ಹೇಳುವುದಿಲ್ಲ; ಕೆಟ್ಟರೆ ನಷ್ಟ ಯಾರದು ಎಂದು ಹೇಳುತ್ತದೆ. ಆದ್ದರಿಂದ ಹೋಸ್ಟಿಂಗ್ ಕಂಪನಿಯೂ ಗ್ಯಾರಂಟಿ ಕೊಡಬೇಕು. ಆದರೆ ಬಂದರಿನ ರೀತಿಯಲ್ಲಿ ಕೊಡಬೇಕು.

ಮೊದಲನೆಯದು, ಗಡಿಯಾರ ಯಾರದು? ಹಡಗು ಸಿದ್ಧವಾಗಿದೆ ಎಂಬ ನೋಟೀಸಿನಿಂದ ಹಿಡಿದು ಮಳೆ ಬಂದ ಹೊತ್ತು, ಕೆಲಸ ನಿಂತ ಹೊತ್ತು ಎಲ್ಲವನ್ನೂ ಒಂದು ಪಟ್ಟಿಯಲ್ಲಿ ಬರೆದು, ಹಡಗಿನ ಕ್ಯಾಪ್ಟನ್ ಮತ್ತು ಏಜೆಂಟರು ಸಹಿ ಹಾಕುತ್ತಾರೆ. ಹೋಸ್ಟಿಂಗಿನಲ್ಲಾದರೋ ಎಷ್ಟೋ ಸಲ ನಿಂತವನೇ ನಿಂತ ಹೊತ್ತನ್ನು ಅಳೆಯುತ್ತಾನೆ. ತಕ್ಕಡಿ ಮಾರುವವನ ಕೈಯಲ್ಲೇ ಇದ್ದರೆ ಕೊಳ್ಳುವವನಿಗೆ ನೋಡುವ ಹಕ್ಕಾದರೂ ಇರಬೇಕು.

ಎರಡನೆಯದು, ವಿನಾಯಿತಿ ಯಾವುದಕ್ಕೆ? ದುರಸ್ತಿಗಾಗಿ ನಿಲ್ಲಿಸುವುದು ತಪ್ಪಲ್ಲ. ಒದ್ದೆ ಅದಿರು ಹಡಗನ್ನೇ ಉರುಳಿಸಬಲ್ಲದು. 2009ರ ಜುಲೈ ಮಳೆಯಲ್ಲಿ ಅದಿರು ಹೊತ್ತ 'ಏಷಿಯನ್ ಫಾರೆಸ್ಟ್' ಹಡಗು ಮಂಗಳೂರಿನ ಹೊರಗಡಲಲ್ಲಿ ಮುಳುಗಿತು. ಅಂಕಿ ಕಾಪಾಡಲು ಅಪಾಯ ತರಬಾರದು. ನಮ್ಮ ಮುನಿಗಳು ಚಾತುರ್ಮಾಸದಲ್ಲಿ ವಿಹಾರ ನಿಲ್ಲಿಸುವುದು ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಹಾಗೆಯೇ ದುರಸ್ತಿಯ ದಿನ, ವೇಳೆ ಮುಂಚೆಯೇ ತಿಳಿಸಬೇಕು. ವ್ಯಾಪಾರಿಯ ಹಬ್ಬದ ದಿನವನ್ನು ಬಿಡಬೇಕು.

ಮೂರನೆಯದು, ಪರಿಹಾರ ಎಷ್ಟು? ಬಂದರಿನ ಯಂತ್ರ ಕೆಟ್ಟೋ ವಿದ್ಯುತ್ ನಿಂತೋ ಹಡಗು ಬರ್ತಿನಲ್ಲಿ ಸುಮ್ಮನೆ ನಿಂತರೆ ಆ ಹೊತ್ತಿನ ಬರ್ತ್ ಬಾಡಿಗೆ ಹಾಕಬಾರದೆಂಬ ನಿಯಮ ದೊಡ್ಡ ಬಂದರುಗಳ ದರಪಟ್ಟಿಗೆ ಬಂದಿತ್ತು. ಬಾಡಿಗೆ ಬಿಡುವುದು ಕನಿಷ್ಠ ಮರ್ಯಾದೆ. ಎಷ್ಟೋ ಹೋಸ್ಟಿಂಗ್ ಕರಾರುಗಳಲ್ಲಿ ಸಿಗುವುದೂ ಅದೇ, ಅದೂ ಗಿರಾಕಿ ಗೊತ್ತಾದ ಗಡುವಿನೊಳಗೆ ಅರ್ಜಿ ಹಾಕಿದರೆ ಮಾತ್ರ. ಹಬ್ಬದ ದಿನದ ನಷ್ಟವನ್ನು ತಿಂಗಳ ಬಾಡಿಗೆ ತುಂಬಲಾರದು. ಕೇಳದೆಯೇ ಹಿಂತಿರುಗಿಸುವವನನ್ನು ನಂಬಬಹುದು. ಹೆಚ್ಚಿನ ಭರವಸೆ ಬೇಕಾದವರಿಗೆ ಹೆಚ್ಚಿನ ದರದಲ್ಲಿ, ನಷ್ಟಕ್ಕೆ ತಕ್ಕ ಪರಿಹಾರದ ಕರಾರೂ ಇರಬೇಕು.

ಧರ್ಮಬಂಧುಗಳೇ, ಶ್ರಾವಕನ ಅಣುವ್ರತಗಳಿಗೆ ತಗಲುವ ಅತಿಚಾರಗಳನ್ನು ತತ್ತ್ವಾರ್ಥಸೂತ್ರದ 7ನೇ ಅಧ್ಯಾಯ ಎಣಿಸುತ್ತದೆ. ಸತ್ಯಾಣುವ್ರತಕ್ಕೆ ಕೂಟಲೇಖ, ಅಚೌರ್ಯಕ್ಕೆ ಅಳತೆ-ತೂಕದ ಹೆಚ್ಚು ಕಡಿಮೆ ಅದರಲ್ಲಿ ಸೇರಿವೆ. ದೊಡ್ಡ ಅಕ್ಷರದಲ್ಲಿ 99.9 ಬರೆದು, ಷರತ್ತುಗಳನ್ನು ಕಣ್ಣಿಗೆ ಕಾಣದ ಅಕ್ಷರದಲ್ಲಿ ಅಡಗಿಸುವುದು ಇವೆರಡರ ಹತ್ತಿರಕ್ಕೇ ಬರುತ್ತದೆ. ಯಾವ ಅಪೇಕ್ಷೆಯಿಂದ ಮಾತು ನಿಜ ಎಂದು ಹೇಳಿಯೇ ಆಡಬೇಕೆಂದು ಸ್ಯಾದ್ವಾದ ಕಲಿಸುತ್ತದೆ. ಷರತ್ತನ್ನು ಮೊದಲೇ ಹೇಳಿದರೆ ಮಾತು ಶುದ್ಧ. ನಷ್ಟವಾದ ಮೇಲೆ ತೋರಿಸಿದರೆ ಅದೇ ಮಾತು ಮೋಸ.

ಕಂಪನಿಯವರನ್ನು ದೂರಿ ಮುಗಿಸುವ ಹಾಗಿಲ್ಲ. "ನಾಳೆ ಮಾಲು ಬರುತ್ತದೆ" ಎಂದು ಗಲ್ಲೆಯ ಮೇಲೆ ಕುಳಿತು ನಾವೂ ದಿನಕ್ಕೆಷ್ಟು ಸಲ ಹೇಳುತ್ತೇವೆ? ಬಾರದಿದ್ದರೆ ಗಿರಾಕಿಯ ಮುಂಗಡವನ್ನು ಅವನು ಕೇಳುವ ಮೊದಲೇ ಕೊಡುತ್ತೇವೆಯೇ?

ಆ ಮನೆಯ ಹುಡುಗ ಈಗ ಹೊಸ ಕಂಪನಿ ಹುಡುಕುತ್ತಿದ್ದಾನೆ. ಕರಾರಿನ ಕಾಗದ ಬಂದ ಕೂಡಲೇ ಕಾಕಾನ ಕೈಗೆ ಕೊಡುತ್ತಾನೆ. ಕಾಕಾ ಕನ್ನಡಕ ಹಾಕಿಕೊಂಡು ಕೊನೆಯ ಪುಟದಿಂದ ಓದಲು ಶುರು ಮಾಡುತ್ತಾರೆ.