ಈ ಸಲವೂ ಕೇಕ್‌ಗೆ ರಮ್ ಇಲ್ಲ

ನಮ್ಮ ಮನೆಯ ಕ್ರಿಸ್ಮಸ್ ಕೇಕ್ ಶುರುವಾಗೋದು ಅಕ್ಟೋಬರ್‌ನಲ್ಲಿ. ಮೈಸೂರಿನ ಮನೆಯ ಅಟ್ಟದಿಂದ ಅಜ್ಜಿಯ ಭರಣಿ ಕೆಳಗಿಳಿಯುತ್ತೆ. ಒಣದ್ರಾಕ್ಷಿ, ಖರ್ಜೂರ, ಚೆರ್ರಿ, ಟೂಟಿಫ್ರೂಟಿ ಎಲ್ಲವನ್ನೂ ಸಣ್ಣಗೆ ಹೆಚ್ಚಿ ಅದಕ್ಕೆ ತುಂಬಿಸ್ತಾರೆ. ಆಮೇಲೆ ಚಿಕ್ಕಪ್ಪನಿಗೆ ಫೋನ್ ಹೋಗುತ್ತಿತ್ತು. ಮಿಲಿಟರಿಯಲ್ಲಿದ್ದವರು, ಹಾಗಾಗಿ ಕ್ಯಾಂಟೀನ್ ರಮ್ ಅವರ ಜವಾಬ್ದಾರಿ. ಪೇಪರ್ ಸುತ್ತಿದ ಬಾಟಲಿಯನ್ನು ಸ್ಕೂಟರ್ ಡಿಕ್ಕಿಯಲ್ಲಿಟ್ಟು ತಂದು, ಭರಣಿ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, "ಇದು ಭರಣಿಗೆ, ಇದು ನನಗೆ" ಅಂತ ಸುರೀತಿದ್ರು. ಮಕ್ಕಳೆಲ್ಲ ಸುತ್ತ ಕೂತು ನಗ್ತಿದ್ವಿ. ಆ ನಗು ಈಗ ನೆನಪಾದರೆ ಮುಜುಗರ ಆಗುತ್ತೆ.

ಚಿಕ್ಕಪ್ಪ ಕುಡಿಯೋದು ಬಿಟ್ಟು ಎರಡೂವರೆ ವರ್ಷ ಆಯ್ತು. ಅದಕ್ಕೆ ಮುಂಚೆ ಮನೆಯಲ್ಲಿ ಏನೇನಾಯ್ತು, ಹೇಗೆ ಬಿಟ್ಟರು ಅನ್ನೋದೆಲ್ಲ ಅವರ ಕಥೆ, ನಾನು ಬರೆಯಲ್ಲ. ಕೇಕ್ ವಿಷಯ ಬರೀಲಾ ಅಂತ ಕೇಳಿದ್ದಕ್ಕೆ "ಬರಿ, ಹೆಸರು ಹಾಕಬೇಡ" ಅಂದರು. ಬಿಟ್ಟ ವರ್ಷದ ಕ್ರಿಸ್ಮಸ್ ಊಟಕ್ಕೆ ಅವರು ಬರಲಿಲ್ಲ. ಕಾಲು ನೋವು ಅಂದಿದ್ದರು. ನಾವೂ ನಂಬಿದ್ವಿ.

ಕಳೆದ ವರ್ಷ ಅಜ್ಜಿಗೆ ಕೈ ನಡುಕ ಜಾಸ್ತಿಯಾಗಿ ಕೇಕ್ ಕೆಲಸ ನನ್ನ ತಲೆಗೆ ಬಂತು. ಕಾರಣ ಇಷ್ಟೇ, ಇಡೀ ಕುಟುಂಬದಲ್ಲಿ ಓಟಿಜಿ ಇರೋನು ನಾನೊಬ್ಬ. ಲಾಕ್‌ಡೌನ್ ಉತ್ಸಾಹದಲ್ಲಿ ಕೊಂಡಿದ್ದು, ಆಮೇಲೆ ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಬ್ರೆಡ್ ಬಿಸಿ ಮಾಡೋಕಷ್ಟೇ ಬಳಕೆ. ಅಜ್ಜಿ ಕಾಲದಲ್ಲಿ ಮನೇಲಿ ಓವನ್ ಎಲ್ಲಿತ್ತು? ಹಿಟ್ಟು ಕಲಸಿ ಟಿನ್‌ಗೆ ಸುರಿದು, ಹೆಸರಿನ ಚೀಟಿ ಇಟ್ಟು ಬೀದಿ ಕೊನೆಯ ಬೇಕರಿಗೆ ಕಳಿಸೋದು. ಒಂದು ವರ್ಷ ಚೀಟಿ ಅದಲುಬದಲಾಗಿ ಯಾರದೋ ಕೇಕ್ ಬಂದಿತ್ತಂತೆ. ಅಜ್ಜಿ ಅದನ್ನು ಇವತ್ತಿಗೂ ಮರೆತಿಲ್ಲ.

ನವೆಂಬರ್‌ನಲ್ಲಿ ಅಮ್ಮ ಫೋನ್ ಮಾಡಿ, "ಭರಣಿ ರೆಡಿ ಇದೆ, ಈ ಸಲ ಬಾಟಲಿ ಅಪ್ಪ ತಂದ್ರು, ಬಂದು ತಗೊಂಡು ಹೋಗು" ಅಂದರು.

"ಚಿಕ್ಕಪ್ಪ ಬರ್ತಾರಲ್ವಾ ಅಮ್ಮ?"

"ಬರ್ತೀನಿ ಅಂದಿದ್ದಾರೆ. ಅದಕ್ಕೇನೀಗ? ಓವನ್‌ನಲ್ಲಿ ಎಲ್ಲಾ ಹಾರಿ ಹೋಗುತ್ತೆ ಬಿಡು."

ಈ ಮಾತನ್ನು ನಾನೂ ಚಿಕ್ಕಂದಿನಿಂದ ನಂಬಿದ್ದೆ. ಆಲ್ಕೋಹಾಲ್ 78 ಡಿಗ್ರಿಗೇ ಕುದಿಯುತ್ತೆ, ಓವನ್ 150 ಡಿಗ್ರಿ, ಇನ್ನೆಲ್ಲಿ ಉಳಿಯುತ್ತೆ ಅಂತ. ಆದರೆ ಹಣ್ಣಿನೊಳಗೆ, ಹಿಟ್ಟಿನೊಳಗೆ ನೀರಿನ ಜೊತೆ ಬೆರೆತ ಆಲ್ಕೋಹಾಲ್ ಅಷ್ಟು ಬೇಗ ಬಿಟ್ಟು ಹೋಗಲ್ಲ. ಓವನ್ 150 ಇದ್ದರೂ ಕೇಕ್‌ನ ನಡುಭಾಗ ನಿಧಾನಕ್ಕೆ ಬಿಸಿಯಾಗುತ್ತೆ, ಬೆಂದಾಗಲೂ 100 ಡಿಗ್ರಿ ದಾಟಲ್ಲ. ಅಮೆರಿಕದ ಕೃಷಿ ಇಲಾಖೆಯವರು ಇದಕ್ಕೊಂದು ಕೋಷ್ಟಕವನ್ನೇ ಮಾಡಿದ್ದಾರೆ. ಹಾಕಿದ ಆಲ್ಕೋಹಾಲ್‌ನಲ್ಲಿ ಅರ್ಧ ಗಂಟೆ ಬೇಯಿಸಿದ ಮೇಲೂ 35 ಪರ್ಸೆಂಟ್ ಉಳಿದಿರುತ್ತೆ. ಒಂದು ಗಂಟೆಗೆ 25, ಒಂದೂವರೆ ಗಂಟೆಗೆ 20. ಎರಡೂವರೆ ಗಂಟೆ ಬೇಯಿಸಿದರೂ 5 ಪರ್ಸೆಂಟ್ ಇದ್ದೇ ಇರುತ್ತೆ.

ಸರಿ, ಲೆಕ್ಕ ಹಾಕದಿದ್ದರೆ ನಿದ್ದೆ ಬರಲ್ಲ. ಅಜ್ಜಿ ಅಳತೆಯಲ್ಲಿ ಮೂರು ಕೇಕ್‌ಗೆ 375 ಮಿಲಿ ರಮ್. ನಮ್ಮಲ್ಲಿ ಸಿಗೋ ರಮ್ 42.8 ಪರ್ಸೆಂಟ್. ಒಂದು ಕೇಕ್‌ಗೆ ಸುಮಾರು 53 ಮಿಲಿ ಆಲ್ಕೋಹಾಲ್, ಒಂದೂವರೆ ಗಂಟೆ ಬೆಂದ ಮೇಲೆ 11 ಮಿಲಿ. 20 ತುಂಡು ಮಾಡಿದರೆ ತುಂಡಿಗೆ ಅರ್ಧ ಮಿಲಿ ಚಿಲ್ಲರೆ. ಅಂದರೆ ಅಮ್ಮ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಆದರೆ ಕೇಕ್ ಇಳಿಸಿದ ಮೇಲೆ ಅದರ ಮೇಲೆ ಅಜ್ಜಿ ನಾಲ್ಕು ದೊಡ್ಡ ಚಮಚ ರಮ್ ಸುರೀತಾರಲ್ಲ, ಅದು ಬೆಂಕಿಯನ್ನೇ ಕಂಡಿರಲ್ಲ. ಅದೊಂದರಲ್ಲೇ 25 ಮಿಲಿ ಆಲ್ಕೋಹಾಲ್. ಓವನ್ ದಾಟಿ ಉಳಿದಿದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ.

ಕುಡಿತ ಬಿಡಿಸೋಕೆ ಕೊಡುವ ಡೈಸಲ್ಫಿರಾಂ ಮಾತ್ರೆ ತಗೊಳ್ಳೋರಿಗೆ ಸ್ವಲ್ಪ ಆಲ್ಕೋಹಾಲ್ ಒಳಗೆ ಹೋದರೂ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿ ಆಗಬಹುದು ಅಂತ ಓದಿದ್ದೆ. ಚಿಕ್ಕಪ್ಪ ಅದನ್ನು ತಗೊಳ್ತಿದ್ದಾರಾ? ಅವರನ್ನೇ ಕೇಳೋ ಧೈರ್ಯ ಆಗಲಿಲ್ಲ. ಚಿಕ್ಕಮ್ಮನಿಗೆ ಫೋನ್ ಮಾಡಿದೆ.

"ಮಾತ್ರೆ ನಿಲ್ಸಿ ತುಂಬಾ ದಿನ ಆಯ್ತು," ಅಂದರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋದ ಸಲ ಅವರಿಗೆ ಕಾಲು ನೋವೇ ಇರಲಿಲ್ಲ ಕಣೋ. ಅಮ್ಮ ಕೈಯಾರೆ ಕೇಕ್ ಕೊಟ್ರೆ ಬೇಡ ಅನ್ನೋದು ಹೆಂಗೆ, ಆ ವಾಸನೆ ಇಟ್ಕೊಂಡು ತಿನ್ನೋದು ಹೆಂಗೆ ಅಂತ ಯೋಚನೆ ಮಾಡಿ ಮಾಡಿ, ಕೊನೆಗೆ ಹೊರಟು ನಿಂತಿದ್ದೋರು ಚಪ್ಪಲಿ ಬಿಚ್ಚಿ ಒಳಗೆ ಹೋಗ್ಬಿಟ್ರು."

ನನ್ನ ಅರ್ಧ ಮಿಲಿ ಲೆಕ್ಕ ಅಲ್ಲಿಗೆ ಮುಗೀತು. ಅವರಿಗೇ ಅಂತ ಬೇರೆ ಕೇಕ್ ಮಾಡೋ ಯೋಚನೆ ಒಂದು ಕ್ಷಣ ಬಂತು. ಹನ್ನೆರಡು ಜನ ಕೂತಿರೋ ಕಡೆ ಒಬ್ಬರ ಮುಂದೆ ಮಾತ್ರ ಬೇರೆ ತಟ್ಟೆ ಇಟ್ಟರೆ ಅವರು ಮುಂದಿನ ವರ್ಷ ಖಂಡಿತ ಬರಲ್ಲ. ರಮ್ ಎಸೆನ್ಸ್ ಹಾಕು ಅಂತ ಫ್ರೆಂಡ್ ಅಂದ, ಆದರೆ ತೊಂದರೆ ಇದ್ದಿದ್ದೇ ಆ ವಾಸನೆಯಲ್ಲಿ. ಎಲ್ಲರಿಗೂ ಒಂದೇ ಕೇಕ್, ರಮ್ ಇಲ್ಲ. ಅಮ್ಮನಿಗೂ ಚಿಕ್ಕಮ್ಮನಿಗೂ ಬಿಟ್ಟು ಯಾರಿಗೂ ಹೇಳಲಿಲ್ಲ. ಅಮ್ಮ "ಅಜ್ಜಿಗೆ ನೀನೇ ಉತ್ತರ ಕೊಡ್ಕೋ" ಅಂದು ಭರಣಿಯನ್ನು ಮತ್ತೆ ಅಟ್ಟಕ್ಕೇರಿಸಿದರು.

ರಮ್ ಇಲ್ಲದಿದ್ದರೆ ಎರಡು ತಿಂಗಳು ನೆನೆಸೋ ಹಾಗಿಲ್ಲ. ಹಣ್ಣಿನ ರಸದಲ್ಲಿ ನೆನೆಸಿ ಹೊರಗಿಟ್ಟರೆ ಅದೇ ಹುಳಿ ಬಂದು ಮದ್ಯ ಆಗೋಕೆ ಶುರು ಮಾಡುತ್ತೆ! ಹಾಗಾಗಿ ಅರ್ಧ ಕೆಜಿ ಹಣ್ಣನ್ನು 200 ಮಿಲಿ ಕಿತ್ತಳೆ ರಸ, 100 ಮಿಲಿ ಕಡು ಟೀ ಡಿಕಾಕ್ಷನ್ ಜೊತೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಕುದಿಸಿ, ಆರಿಸಿ, ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟೆ. ಟೀಯ ಒಗರು ರಮ್ಮಿನ ಜಾಗವನ್ನು ಸ್ವಲ್ಪ ತುಂಬುತ್ತೆ. ಮೈದಾ 250 ಗ್ರಾಂ, ಬೆಣ್ಣೆ 200, ಬ್ರೌನ್ ಶುಗರ್ 150, ಮೊಟ್ಟೆ ನಾಲ್ಕು, ಬೇಕಿಂಗ್ ಪೌಡರ್ ಒಂದು ಚಮಚ. ಚಕ್ಕೆ, ಲವಂಗ, ಜಾಯಿಕಾಯಿ, ಒಣಶುಂಠಿ ಪುಡಿ. ವೆನಿಲ್ಲಾ ಎಕ್ಸ್‌ಟ್ರಾಕ್ಟ್‌ನಲ್ಲೂ ಆಲ್ಕೋಹಾಲ್ ಇರೋದರಿಂದ ಅದರ ಬದಲು ಏಲಕ್ಕಿ.

ಕೇಕ್‌ನ ಕಪ್ಪು ಬಣ್ಣ ಬರೋದು ರಮ್‌ನಿಂದ ಅಂತ ಅಂದುಕೊಂಡಿದ್ದೆ. ಅಲ್ಲ, ಸುಟ್ಟ ಸಕ್ಕರೆಯಿಂದ. 100 ಗ್ರಾಂ ಸಕ್ಕರೆಯನ್ನು ಬಾಣಲೆಯಲ್ಲಿ ಕಾಫಿ ಡಿಕಾಕ್ಷನ್ ಬಣ್ಣ ಬರೋವರೆಗೆ ಕರಗಿಸಿ, ಉರಿ ಆರಿಸಿ, ಬಿಸಿನೀರನ್ನು ದೂರ ನಿಂತು ಸ್ವಲ್ಪ ಸ್ವಲ್ಪವೇ ಹಾಕಬೇಕು. ಸಿಡಿಯುತ್ತೆ, ಹುಷಾರು. ಮೊದಲನೇ ಸಲ ಅರ್ಧ ನಿಮಿಷ ಜಾಸ್ತಿ ಬಿಟ್ಟು ಕಹಿಯಾಯ್ತು, ಎದುರು ಮನೆಯವರು ಹೊಗೆ ನೋಡಿ ಬೆಲ್ ಮಾಡಿದರು. ಎರಡನೇ ಸಲ ಹಣ್ಣನ್ನು ಮೈದಾದಲ್ಲಿ ಹೊರಳಿಸೋಕೆ ಮರೆತು ಎಲ್ಲಾ ತಳ ಸೇರಿತು. ಮೂರನೇ ಸಲ 150 ಡಿಗ್ರಿಯಲ್ಲಿ ಒಂದೂವರೆ ಗಂಟೆ, ಮುಕ್ಕಾಲು ಗಂಟೆ ಆದ ಮೇಲೆ ತಲೆಗೆ ಫಾಯಿಲ್ ಮುಚ್ಚಿದೆ. ಚೆನ್ನಾಗೇ ಬಂತು. ರಮ್ ಇಲ್ಲದ ಕೇಕ್ ತಿಂಗಳುಗಟ್ಟಲೆ ಇರಲ್ಲ, ಹೊರಗೆ ಮೂರು ದಿನ ಅಷ್ಟೇ. ಹಾಗಾಗಿ 23ರ ರಾತ್ರಿ ಬೇಯಿಸಿ, 24ರ ರೈಲಿನಲ್ಲಿ ತೊಡೆ ಮೇಲಿಟ್ಟುಕೊಂಡು ಮೈಸೂರಿಗೆ ಹೋದೆ.

25ರ ಮಧ್ಯಾಹ್ನ ಚಿಕ್ಕಪ್ಪ ಬಂದರು, ಎಲ್ಲರಿಗಿಂತ ಕೊನೆಗೆ. ಗೋದಲಿ ಮುಂದೆ ನಿಂತು ಮಕ್ಕಳ ಜೊತೆ ಕುರಿಗಳನ್ನು ಎಣಿಸ್ತಾ ಇದ್ದರೇ ಹೊರತು ಒಳಗೆ ಬರ್ತಾನೇ ಇಲ್ಲ. ಅಜ್ಜಿ ಕೇಕ್ ಕತ್ತರಿಸಿ ಮೊದಲ ತುಂಡು ಬಾಯಿಗಿಟ್ಟರು. ಅಗಿದರು. ಇನ್ನೂ ಸ್ವಲ್ಪ ಅಗಿದರು.

"ಏನೋ ಇದು, ರಮ್ಮೇ ಹಾಕಿಲ್ವಲ್ಲೋ!"

ಇಡೀ ಹಾಲ್ ಸುಮ್ಮನಾಯ್ತು. ನಾನು ತಯಾರಿ ಮಾಡಿಕೊಂಡಿದ್ದ ಉತ್ತರ ಗಂಟಲಲ್ಲೇ ಉಳೀತು. ಅಮ್ಮ ನೀರಿನ ಜಗ್ ತಗೊಂಡು ಅಡುಗೆಮನೆಗೆ ಹೋಗಿಬಿಟ್ಟರು. ಅಜ್ಜಿ ಗೋದಲಿ ಕಡೆ ಒಮ್ಮೆ ನೋಡಿದರು.

"ಒಣಗಿದೆ. ಮುಂದಿನ ಸಲ ಕಿತ್ತಳೆ ರಸ ಇನ್ನೊಂದು ಲೋಟ ಹಾಕು," ಅಂತ ಹೇಳಿ ಎರಡನೇ ತುಂಡನ್ನು ತಟ್ಟೆಗಿಟ್ಟು, "ತಗೊಂಡು ಹೋಗಿ ಅವನಿಗೆ ಕೊಡು" ಅಂದರು.

ದೊಡ್ಡಪ್ಪ ಮಾತ್ರ ಬಿಡಲಿಲ್ಲ, "ರಮ್ ಇಲ್ಲದ್ದು ಕ್ರಿಸ್ಮಸ್ ಕೇಕೇ?" ಅಂದರು. 1883ರಲ್ಲಿ ತಲಶ್ಶೇರಿಯ ಮಾಂಬಳ್ಳಿ ಬಾಪು ನಮ್ಮ ದೇಶದ ಮೊದಲ ಕ್ರಿಸ್ಮಸ್ ಕೇಕ್ ಮಾಡಿದಾಗ ಫ್ರೆಂಚ್ ಬ್ರಾಂಡಿ ಬಿಟ್ಟು ಗೇರುಹಣ್ಣು, ಬಾಳೆಹಣ್ಣಿನಿಂದ ಮಾಡಿದ ಊರಿನ ಮದ್ಯ ಹಾಕಿದನಂತೆ, ಬದಲಾಯಿಸೋದು ಹೊಸದಲ್ಲ ಅಂತ ನಾನು ವಾದ ಮಾಡಿದೆ. "ಅವನೂ ಮದ್ಯ ಬಿಟ್ಟಿಲ್ವಲ್ಲಪ್ಪ" ಅಂದರು. ವಾದದಲ್ಲಿ ನಾನು ಸೋತೆ. ಚಿಕ್ಕಪ್ಪ ಮೂರು ತುಂಡು ತಿಂದರು, ಗೋಡಂಬಿ ಹುರಿದು ಹಾಕಬೇಕಿತ್ತು ಅಂತ ತಪ್ಪನ್ನೂ ಹುಡುಕಿದರು.

ಈ ಅಕ್ಟೋಬರ್‌ನಲ್ಲಿ ಅವರೇ ಫೋನ್ ಮಾಡಿದರು. "ಬಾಟಲಿ ತರೋ ಕೆಲಸ ಅಂತೂ ಹೋಯ್ತು. ಈಗ ನನಗೇನು ಕೆಲಸ?"

ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ತಡವರಿಸಿ, ಬಾಯಿಗೆ ಬಂದಿದ್ದು ಹೇಳಿದೆ: "ಕಿತ್ತಳೆ ಸಿಪ್ಪೆ. ಅಂಗಡಿಯಲ್ಲಿ ಸಿಗೋದು ಚೆನ್ನಾಗಿಲ್ಲ ಚಿಕ್ಕಪ್ಪ."

ಸಿಪ್ಪೆಯನ್ನು ಮೂರು ಸಲ ನೀರು ಬದಲಾಯಿಸಿ ಕುದಿಸಿದರೆ ಕಹಿ ಹೋಗುತ್ತೆ, ಆಮೇಲೆ ಸಕ್ಕರೆ ಪಾಕದಲ್ಲಿ ಪಾರದರ್ಶಕ ಆಗೋವರೆಗೆ ಬೇಯಿಸಿ ಒಣಗಿಸಬೇಕು. ಒಂದು ವಾರ ಫೋಟೋ ಮೇಲೆ ಫೋಟೋ ಕಳಿಸಿದರು. ತಟ್ಟೆಯಲ್ಲಿ ಸಿಪ್ಪೆಗಳೆಲ್ಲ ಒಂದೇ ಅಳತೆ, ಪರೇಡ್‌ಗೆ ನಿಂತ ಹಾಗೆ. ಮೊನ್ನೆ ಭಾನುವಾರ ಡಬ್ಬಿ ಬಂತು, ಮುಕ್ಕಾಲು ಕೂಡ ತುಂಬಿಲ್ಲ. ಚಿಕ್ಕಮ್ಮನನ್ನು ಕೇಳಿದರೆ, "ಮಾಡ್ತಾ ಮಾಡ್ತಾ ಅರ್ಧ ಅವರೇ ತಿಂದಿದ್ದಾರೆ, ನನ್ನನ್ನೇನು ಕೇಳ್ತೀಯ" ಅಂದರು.