ದೆವ್ವದ ಪಿಕ್ಚರ್ ನೋಡ್ತೀನಿ ಅಂತ ನಗಬ್ಯಾಡಿ

ಐವತ್ತು ದಾಟಿದೋಳು ಮಧ್ಯಾನ ಪಾತ್ರೆ ತೊಳೆದಿಟ್ಟು ದೆವ್ವದ ಪಿಕ್ಚರ್ ಹಾಕ್ಕೊಂಡು ಕೂತ್ರೆ ಮನೇಲಿ ನಗ್ತಾರೆ. ನಗ್ಲಿ ಬುಡಿ. ಇವು ಮೂಢನಂಬಿಕೆ ಬೆಳೆಸ್ತವೆ ಅಂತಾರಲ್ಲ, ಅದನ್ನ ಮಾತ್ರ ನಾನು ಒಪ್ಪಕಿಲ್ಲ.

ಚಿಕ್ಕೋಳಿದ್ದಾಗ 'ನಾ ನಿನ್ನ ಬಿಡಲಾರೆ' ನೋಡಿ ಒಂದು ವಾರ ಒಬ್ಳೇ ಹಿತ್ಲಿಗೆ ಹೋಗ್ನಿಲ್ಲ, ನಿಜ. ಆದ್ರೆ ನಾಗಮಂಗಲದ ಕಡೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದ್ರಲ್ಲ, ಅದನ್ನ ಯಾವ ಪಿಕ್ಚರ್ ಕಲಿಸ್ತು? ಆ ದೆವ್ವ ಮನೆಯೋರ ದನೀಲೇ ಕೂಗ್ತದೆ ಅನ್ನೋರು.

2004ರಲ್ಲಿ 'ಆಪ್ತಮಿತ್ರ' ಬಂತು. ಬಿಡುಗಡೆಗೆ ಮುಂಚೇನೇ ಸೌಂದರ್ಯ ತೀರಿಕೊಂಡಿದ್ರು, ಪಾಪ. ಅವರ ಕಣ್ಣು ನೋಡಿದ್ರೇ ಎದೆ ಝಲ್ ಅನ್ನೋದು. ಅಲ್ಲಿ ಗಂಗಾಗೆ ಇದ್ದದ್ದು ಮನಸ್ಸಿನ ಕಾಯಿಲೆ. ಅದನ್ನ ಕಂಡ್ಹಿಡಿಯೋದು ಡಾಕ್ಟ್ರು, ನಮ್ಮ ವಿಷ್ಣುವರ್ಧನ್. ಕೊನೇಲಿ ಆಚಾರ್ಯರೂ ಜೊತೆಗೆ ನಿಲ್ತಾರೆ, ಅದಿರ್ಲಿ.

ಆಮ್ಯಾಕೆ ಕೆಲವು ವರ್ಷಕ್ಕೆ ನಮ್ಮ ನೆಂಟರ ಹುಡುಗಿ, ಹಸಿ ಬಾಣಂತಿ, ರಾತ್ರಿಯೆಲ್ಲಾ ಎದ್ದು ಕೂತು ಒಬ್ಳೇ ಮಾತಾಡೋಳು, ಮಗೂನ ಮುಟ್ಟೋಳಲ್ಲ. ಮೈಮೇಲೆ ಬಂದದೆ ಅಂತ ಬೇವಿನ ಬರಲು ತಂದ್ರು. ನಾನೇ ಅಡ್ಡ ನಿಂತೆ, ಮೊದ್ಲು ಮೈಸೂರಿಗೆ ಮನಸ್ಸಿನ ಡಾಕ್ಟ್ರತ್ರ ನಡೀರಿ ಅಂದೆ. ಪಿಕ್ಚರ್ ನೋಡಿ ನೋಡಿ ಇವಳಿಗೇ ತಲೆ ಕೆಟ್ಟದೆ ಅಂತ ಬೈದ್ರು. ಬೈದ್ಕೊಂಡೇ ಕರ್ಕೊಂಡು ಹೋದ್ರು. ಮಾತ್ರೆ ತಗೊಂಡ್ಲು, ತಿಂಗಳುಗಟ್ಲೆ.

ಆ ಮಗು ಈಗ ಪಾಂಡವಪುರದಲ್ಲಿ ಪಿಯುಸಿ ಓದ್ತಾವ್ನೆ. ರಜಕ್ಕೆ ಬಂದ್ರೆ ನನ್ ಪಕ್ಕದಲ್ಲೇ ಕೂತು ದೆವ್ವದ ಪಿಕ್ಚರ್ ನೋಡ್ತಾನೆ, ಕಣ್ಣು ಮುಚ್ಕೊಂಡು.